ಮಿಸ್ ಶೇವಂತಿ, ಅಂಕೋಲಾ

ಕಾರವಾರದ ಮೀನು ಮಾರ್ಕೆಟ್ಟಿನಿಂದ ಎರಡು ಗಲ್ಲಿ ಈಚೆಗೆ ಮಂಗೇಶ ರಾಯ್ಕರನ ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡದೇನಲ್ಲ. ಒಬ್ಬ ಕುಳಿತು ಇನ್ನೊಬ್ಬ ನಿಂತರೆ ತುಂಬಿಹೋಗುವಷ್ಟು ಜಾಗ, ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಅದಕ್ಕೆ ಹೊಂದಿಕೊಂಡೇ ಮನೆ. 'ಗಡಿಯಾರ ಹಾಗೂ ಗ್ರಾಮಫೋನ್ ರಿಪೇರಿ' ಎಂಬ ಬೋರ್ಡು ಅವನ ಅಪ್ಪ ಬರೆಸಿದ್ದು. ಅಪ್ಪನ ಕಾಲದಲ್ಲಿ ನಾಟಕ ಕಂಪನಿಯವರು, ಬಂದರಿನ ಗುಮಾಸ್ತರು, ಸಾಹುಕಾರರ ಮನೆಯವರು ಸ್ಪ್ರಿಂಗ್ ತುಂಡಾದ ಗ್ರಾಮಫೋನುಗಳನ್ನು ಹೊತ್ತು ತರುತ್ತಿದ್ದರು. ಮಂಗೇಶನ ಕಾಲಕ್ಕೆ ಅವೆಲ್ಲ ಅಟ್ಟ ಸೇರಿ, ಅವನ ಹೊಟ್ಟೆ ತುಂಬಿಸಿದ್ದು ಕೈಗಡಿಯಾರ ಮಾತ್ರ. ಬೋರ್ಡಿನ ಅರ್ಧ ಸುಳ್ಳಾಗಿತ್ತು. ಆದರೂ ಅವನು ಅದನ್ನು ಅಳಿಸಲಿಲ್ಲ.

ಎರಡು ಸಾವಿರದ ಇಸವಿಯ ಸುಮಾರಿಗೆ ಆ ಅರ್ಧಕ್ಕೆ ಮತ್ತೆ ಜೀವ ಬಂತು. ಗೋವೆಯ ಹೋಟೆಲಿನವರಿಗೆ, ಅಲ್ಲಿಗೆ ಬರುವ ಪ್ರವಾಸಿಗಳಿಗೆ ಹಳೇ ಸಾಮಾನಿನ ಹುಚ್ಚು ಹಿಡಿಯಿತು. ಮಡಗಾಂವದ ಸುಹಾಸ ಎಂಬ ವ್ಯಾಪಾರಿ ತಿಂಗಳಿಗೆರಡು ಸಲ ವ್ಯಾನು ತಂದು ಕಾಳಿ ಹೊಳೆಯ ಸೇತುವೆಯ ಆಚೀಚೆಯ ಊರುಗಳಲ್ಲಿ ಮನೆಮನೆ ತಿರುಗುತ್ತಿದ್ದ. ಬಿಸ್ಕೀಟಿನ ತಗಡಿನ ಡಬ್ಬಿ, ಸಾಬೂನಿನ ಜಾಹೀರಾತಿನ ಬೋರ್ಡು, ಸಿನಿಮಾ ಪೋಸ್ಟರು, ದೇವರ ಪಟದ ಹಳೇ ಕ್ಯಾಲೆಂಡರು, ಏನಿದ್ದರೂ ಬೇಕು. ಗ್ರಾಮಫೋನ್ ಸಿಕ್ಕರಂತೂ ಎರಡು ಕೈಯಲ್ಲಿ ಅಪ್ಪಿಕೊಂಡು ಒಯ್ಯುತ್ತಿದ್ದ. ಅವು ಹಾಡಬೇಕಾದರೆ ಮಂಗೇಶನೇ ಬೇಕು; ಆ ಕೆಲಸ ಗೊತ್ತಿದ್ದವರು ಆ ಕರಾವಳಿಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಅರವತ್ತರ ಹತ್ತಿರ ಬಂದ ಮಂಗೇಶನಿಗೆ ಹೀಗೆ ಪ್ರಾಯದಲ್ಲಿ ಬಾರದ ಹೆಸರು ಬಂತು.

ಇಷ್ಟಾದರೂ ಅವನಿಗೆ ಹಾಡು ಹತ್ತುತ್ತಿರಲಿಲ್ಲ. ಇದನ್ನು ಅವನು ಮುಚ್ಚಿಟ್ಟವನೂ ಅಲ್ಲ. ಗ್ರಾಮಫೋನಿನ ಪ್ಲೇಟು ತಿರುಗುವಾಗ ಅವನ ಕಿವಿ ಇರುತ್ತಿದ್ದುದು ಯಂತ್ರದ ಮೇಲೆ. ವೇಗ ಸರಿಯಿದೆಯೇ, ಸ್ಪ್ರಿಂಗ್ ಒಂದೇ ಸಮ ಬಿಚ್ಚಿಕೊಳ್ಳುತ್ತಿದೆಯೇ, ಮುಳ್ಳು ಗೆರೆಯಲ್ಲಿ ಚೆನ್ನಾಗಿ ಕೂತಿದೆಯೇ, ಇಷ್ಟೇ. ಹಾಡು ಮುಗಿದ ಮೇಲೆ ಏನು ಪದ, ಯಾವ ಭಾಷೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ತನ್ನ ಗಂಡನಿಗೆ ಅಡುಗೆಯ ರುಚಿ ತಿಳಿಯುವುದಿಲ್ಲ, ಒಲೆಯ ಉರಿ ಮಾತ್ರ ತಿಳಿಯುತ್ತದೆ ಎಂದು ಹೆಂಡತಿ ಹೀರಾ ಬಂದವರೆದುರು ನಗುತ್ತಿದ್ದಳು.

ಅಂಥವನಿಗೆ ಕಮಲಾಕರನಂಥ ಗೆಳೆಯ.

ಕಮಲಾಕರ ಅಂಕೋಲೆಯ ಹತ್ತಿರದ ಶೆಟಗೇರಿಯವನು. ಪೋಸ್ಟ್‌ಮನ್ ಆಗಿ ಮೂವತ್ತೈದು ವರ್ಷ ಕರಾವಳಿಯ ಊರೂರು ಅಲೆದವನು. ಪತ್ರ ಕೊಟ್ಟ ಮನೆಯಲ್ಲೆಲ್ಲ, ನೀರು ಕೇಳಿದ ಹಾಗೆ, ಹಳೇ ಪ್ಲೇಟು ಇದ್ದರೆ ತೋರಿಸ್ತೀರಾ ಎಂದು ಕೇಳುತ್ತಿದ್ದ. ಕೆಲವರು ನಕ್ಕರು. ಕೆಲವರು ಕೊಟ್ಟರು. ಹಾಗೆ ಕೂಡಿದ್ದು ಮುನ್ನೂರಕ್ಕೂ ಹೆಚ್ಚು. ಹೆಂಡತಿ ತೀರಿಕೊಂಡ ಮೇಲೆ ಅವನೂ ಅಂಕೋಲೆಯಲ್ಲಿ ಟೀಚರಾಗಿದ್ದ ಮಗಳು ಕವನಾಳೂ ಇಬ್ಬರೇ ಆ ಮನೆಯಲ್ಲಿ. ಆದಿತ್ಯವಾರ ಬೆಳಗಾದರೆ ಐದಾರು ಪ್ಲೇಟುಗಳನ್ನು ಟವೆಲಿನಲ್ಲಿ ಸುತ್ತಿ, ಬಟ್ಟೆಚೀಲದಲ್ಲಿಟ್ಟು, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡು ಬಿಣಗಾ ಘಟ್ಟ ದಾಟಿ ಕಾರವಾರಕ್ಕೆ ಬರುತ್ತಿದ್ದ. ಹಿಂದಿನ ಕೋಣೆಯಲ್ಲಿ ಮಧ್ಯಾಹ್ನದ ತನಕ ಇಬ್ಬರೂ ಕೂರುತ್ತಿದ್ದರು. ಒಬ್ಬ ಹಾಡು ಕೇಳುತ್ತಿದ್ದ, ಒಬ್ಬ ಯಂತ್ರ ಕೇಳುತ್ತಿದ್ದ. ಆಮೇಲೆ ಹೀರಾ ಊಟಕ್ಕೆ ಕರೆಯುತ್ತಿದ್ದಳು. ಇಪ್ಪತ್ತೇಳು ವರ್ಷ ಹೀಗೆ ನಡೆಯಿತು.

ಕಮಲಾಕರ ಪ್ಲೇಟು ಕೂಡಿಟ್ಟದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಅವನು ಮಂಗೇಶನಿಗೆ ಹೇಳಿದ್ದು ಗುರುತಾಗಿ ನಾಲ್ಕು ವರ್ಷವಾದ ಮೇಲೆ. ಅವನ ತಾಯಿ ಶೇವಂತಿ ನಾಟಕ ಕಂಪನಿಯೊಂದರಲ್ಲಿ ಹಾಡುತ್ತಿದ್ದಳು. ಯುದ್ಧದ ಕಾಲದಲ್ಲಿ ಕಂಪನಿ ಮುಂಬಯಿಗೆ ಹೋದಾಗ ಅವಳ ಹಾಡು ಒಂದೇ ಒಂದು ಪ್ಲೇಟಿನಲ್ಲಿ ಮುದ್ರಣವಾಯಿತು. ಮುಂದೆ ಎರಡು ವರ್ಷಕ್ಕೆ ಕಮಲಾಕರ ಹುಟ್ಟಿದ. ಅವನಿಗೆ ಎರಡು ತುಂಬುವುದರೊಳಗೆ ಅವಳು ಜ್ವರದಲ್ಲಿ ಹೋದಳು. ಅವನನ್ನು ಸಾಕಿದ ಸೋದರಮಾವ ಒಳ್ಳೆಯವನೇ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಮಾಡಿದವನಲ್ಲ. ಆದರೆ ತಂಗಿ ನಾಟಕದಲ್ಲಿ ಬಣ್ಣ ಹಚ್ಚಿದ್ದು ಅವನಿಗೆ ದೊಡ್ಡ ಅವಮಾನ. ಆ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಫೋಟೋ ಇರಲಿಲ್ಲ. ಅವಳು ಕಪ್ಪಗಿದ್ದಳೋ ಬೆಳ್ಳಗಿದ್ದಳೋ ಎಂದು ಕೂಡ ಕಮಲಾಕರನಿಗೆ ಯಾರೂ ಹೇಳಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಗ್ರಾಮಫೋನ್ ಕಂಪನಿಯ ಒಂದು ಹಳೇ ಪಟ್ಟಿಯಲ್ಲಿ ಅವನು 'ಮಿಸ್ ಶೇವಂತಿ, ಅಂಕೋಲಾ' ಎಂಬ ಸಾಲು ಕಂಡ. ಆ ಪಟ್ಟಿಯ ಹಾಳೆ ಮಡಚಿ ಮಡಚಿ ನಾಲ್ಕು ಚೂರಾಗಿತ್ತು. ಅದೊಂದೇ ಅವನಲ್ಲಿದ್ದ ತಾಯಿಯ ಗುರುತು.

ಇಷ್ಟು ತಿಳಿದ ಮೇಲೆ ಮಂಗೇಶನೂ ಹುಡುಕಲು ಶುರುಮಾಡಿದ. ರಿಪೇರಿಗೆ ಬಂದ ಯಾವ ಪೆಟ್ಟಿಗೆಯ ಜೊತೆ ಪ್ಲೇಟು ಬಂದರೂ ಮೊದಲು ಕನ್ನಡಕ ಹಾಕಿ ನಡುವಿನ ಹೆಸರಿನ ಚೀಟಿ ಓದುತ್ತಿದ್ದ. ಸಾವಿರಾರು ಓದಿದ್ದಾನು. ಅದು ಸಿಗಲಿಲ್ಲ.

ಸಿಕ್ಕಿದ್ದು ಎರಡು ಸಾವಿರದ ಮೂರರ ಜನವರಿಯಲ್ಲಿ, ಒಂದು ಬುಧವಾರ. ಸದಾಶಿವಗಡದಲ್ಲಿ ಇಂದುಬಾಯಿ ಎಂಬ ಮುದುಕಿ ತನ್ನ ಮನೆಯ ಹೆಂಚು ತೆಗೆಸಿ ಸ್ಲ್ಯಾಬು ಹಾಕಿಸುವವಳಿದ್ದಳು. ಅವಳ ಗಂಡ ಹಡಗಿನ ಕಂಪನಿಯಲ್ಲಿ ಗುಮಾಸ್ತನಾಗಿದ್ದಾಗ ಮುಂಬಯಿಯಿಂದ ತಂದ ಗ್ರಾಮಫೋನ್, ಅವಳು ಮದುವೆಯಾಗಿ ಬರುವ ಮೊದಲೇ ಕೆಟ್ಟು, ಅಟ್ಟ ಸೇರಿತ್ತು. ಸುಹಾಸ ಬಂದು ಒಯ್ಯುವ ಮೊದಲು ಒಮ್ಮೆ ನೋಡಿ ಹೋಗಲು ಮಂಗೇಶನನ್ನು ಕರೆಸಿದ್ದಳು. ಪೆಟ್ಟಿಗೆಯ ಮುಚ್ಚಳದಲ್ಲಿ ಏಳು ಪ್ಲೇಟು ಇದ್ದವು. ಐದನೆಯದು ಅದು.

ಮಂಗೇಶ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಧೂಳನ್ನು ಅಂಗಿಯ ತುದಿಯಲ್ಲಿ ಒರೆಸಿ ಮೂರು ಸಲ ಓದಿದ. ಮುಖವೆಲ್ಲ ಬೆವರಿದ್ದನ್ನು ಕಂಡು ಇಂದುಬಾಯಿ ಗಾಬರಿಯಾಗಿ ಬೆಲ್ಲ ನೀರು ತಂದಳು. ಅವನು ವಿಷಯ ಹೇಳಿದಾಗ ಅವಳಿಗೂ ಕಣ್ಣು ತುಂಬಿತು. ಕಮಲಾಕರನನ್ನು ಅವಳು ಬಲ್ಲಳು. ಒಂದು ಕಾಲದಲ್ಲಿ ಅವಳ ಮಗನ ಪತ್ರಗಳನ್ನು ತಂದುಕೊಡುತ್ತಿದ್ದವನು ಅವನೇ. "ಮಂಗೇಶಬಾಬ್, ಒಯ್ಯಿರಿ. ಅವರಿಗೆ ನಿಮ್ಮ ಕೈಯಿಂದ್ಲೇ ಕೊಡಿ" ಎಂದಳು.

ಅವತ್ತೇ ಶೆಟಗೇರಿಗೆ ಫೋನು ಮಾಡಬಹುದಿತ್ತು. ಬಸ್ಸು ಹತ್ತಿ ಹೋಗಿಬಿಡಬಹುದಿತ್ತು. ಮುಂದೆ ಎಷ್ಟೋ ವರ್ಷ ಮಂಗೇಶ ಈ ಬುಧವಾರವನ್ನು ತಿರುಗಿಸಿ ತಿರುಗಿಸಿ ನೋಡಿದ್ದಾನೆ. ಅವನಿಗೆ ಆದಿತ್ಯವಾರದ ತನಕ ಕಾಯಬೇಕೆನಿಸಿತು. ಎಂದಿನ ಹಾಗೆ ಕಮಲಾಕರ ಬಂದು ಕೂರಬೇಕು, ತಾನು ಏನೂ ಹೇಳದೆ ಮುಳ್ಳು ಇಡಬೇಕು, ಗೆಳೆಯನ ಮುಖ ನೋಡಬೇಕು. ಇದರಲ್ಲಿ ಪ್ರೀತಿಯೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಶುಕ್ರವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಅವನು ಪ್ಲೇಟು ಹೊರತೆಗೆದ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ. ಒಳ್ಳೆಯ ಪ್ಲೇಟು ತಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆ. ಇದು ಒಡಕು ಮಡಕೆಯ ದನಿ ಕೊಟ್ಟಿತು. ದೀಪಕ್ಕೆ ಹಿಡಿದು ನೋಡಿದರೆ ಅಂಚಿನಿಂದ ನಡುವಿನವರೆಗೆ ಕೂದಲೆಳೆಯಂಥ ಬಿರುಕು. ಅರಗಿನ ಪ್ಲೇಟು, ಅರವತ್ತು ವರ್ಷ ಅಟ್ಟದ ಸೆಕೆಯಲ್ಲಿದ್ದದ್ದು. ಇಂಥದ್ದನ್ನು ಎಷ್ಟು ಕಮ್ಮಿ ನುಡಿಸಿದರೆ ಅಷ್ಟು ಒಳ್ಳೆಯದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಒಮ್ಮೆ ಪರೀಕ್ಷೆ ಮಾಡಿ ವೇಗ ಸರಿಮಾಡಿಟ್ಟರೆ ಆದಿತ್ಯವಾರ ತೊಂದರೆಯಾಗದು ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಇಪ್ಪತ್ತು ವರ್ಷ ಕೇಳಿದ ಹೆಸರಿನ ದನಿಯನ್ನು ಕೇಳುವ ಆಸೆ ಅವನಿಗೂ ಇತ್ತು.

ಕೀಲಿ ಕೊಟ್ಟ. ಹೊಸ ಮುಳ್ಳು ಹಾಕಿದ. ಪ್ಲೇಟು ತಿರುಗಿತು. ಮೊದಲು ಮರಳು ಸುರಿದಂಥ ಸದ್ದು, ಆಮೇಲೆ ಹಾರ್ಮೋನಿಯಂ, ಆಮೇಲೆ ಒಂದು ಹೆಣ್ಣಿನ ದನಿ. ಸುತ್ತಿಗೊಮ್ಮೆ ಬಿರುಕಿನ ಜಾಗದಲ್ಲಿ ಟಿಕ್ ಎನ್ನುತ್ತಿತ್ತು. ಒಂದು ನಿಮಿಷವಾಗಿರಬಹುದು, ಆ ಟಿಕ್ ದಪ್ಪವಾಯಿತು. ಬಿರುಕು ಬಾಯಿ ಬಿಡುತ್ತಿದೆಯೆಂದು ಅವನಿಗೆ ತಿಳಿದುಹೋಯಿತು. ಮುಳ್ಳಿನ ತಲೆಯನ್ನು ಎತ್ತಲು ಗಡಿಬಿಡಿಯಲ್ಲಿ ಕೈ ಚಾಚಿದ. ಬೆರಳಿಗೆ ಎಣ್ಣೆ ಇತ್ತು. ಕಬ್ಬಿಣದ ಭಾರದ ಆ ತಲೆ ಜಾರಿ ಪ್ಲೇಟಿನ ಮೇಲೆ ಬಿತ್ತು. ನಲವತ್ತು ವರ್ಷ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಹಿಡಿದ ಕೈ, ಒಂದೂ ಬೀಳಿಸಿದ್ದಲ್ಲ. ಪ್ಲೇಟು ಮೂರು ಹೋಳಾಯಿತು. ಅಂಚಿನ ಚೂರುಗಳು ನೆಲದ ಮೇಲೆ ಚದುರಿದವು. ತಿರುಗುಮಣೆ ಮಾತ್ರ ಕೀಲಿ ಮುಗಿಯುವ ತನಕ ತಿರುಗುತ್ತಲೇ ಇತ್ತು.

ಹೀರಾ ಊಟಕ್ಕೆ ಕರೆಯಲು ಬಂದಾಗ ಅವನು ನೆಲದ ಮೇಲೆ ಮಂಡಿಯೂರಿ ಚೂರು ಆರಿಸುತ್ತಿದ್ದ. ವಿಷಯ ಕೇಳಿ ಅವಳು ಗೋಡೆಗೆ ಒರಗಿ ನಿಂತಳು. ಇವತ್ತೇ ಹೋಗಿ ಹೇಳಿಬಿಡು, ಬೇಕಾದರೆ ನಾನೂ ಬರುತ್ತೇನೆ ಎಂದಳು. ಅವನು ಹೂಂ ಎಂದ. ಹೋಗಲಿಲ್ಲ. ಆದಿತ್ಯವಾರ ಕಮಲಾಕರ ಬಂದ, ಪ್ಲೇಟು ಹಾಕಿದರು, ಕೇಳಿದರು. ಊಟಕ್ಕೆ ಬಡಿಸುವಾಗ ಹೀರಾ ಗಂಡನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ.

ಮುಂದಿನ ವಾರ ಹೇಳೋಣ ಎಂದುಕೊಂಡ. ಅದರ ಮುಂದಿನ ವಾರವೂ ಹಾಗೆಯೇ ಅಂದುಕೊಂಡ. ಅಷ್ಟರಲ್ಲಿ ಕಮಲಾಕರನಿಗೆ ಸದಾಶಿವಗಡದಲ್ಲಿ ಒಂದು ಮದುವೆ ಇತ್ತು. ಇಂದುಬಾಯಿ ಅವನನ್ನು ಕಂಡವಳೇ ಹತ್ತಿರ ಬಂದು, ತಾಯಿಯ ದನಿ ಕೇಳಿ ಸಮಾಧಾನವಾಯಿತೇ ಎಂದು ಕೇಳಿದಳು.

ಅವನು ಊಟಕ್ಕೂ ಕೂರದೆ ಸೀದಾ ಅಂಗಡಿಗೆ ಬಂದ. ಓಡಿ ಬಂದವನ ಹಾಗೆ ಉಸಿರು ಬಿಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಮಗುವಿನಂಥ ಒಂದು ಆಸೆ ಇತ್ತು. ಆ ಆಸೆಯನ್ನು ನೋಡಿಯೇ ಮಂಗೇಶನ ನಾಲಿಗೆ ಬೇರೆ ದಾರಿ ಹಿಡಿಯಿತು. ಪ್ಲೇಟನ್ನು ತಾನು ಅಂಗಡಿಗೆ ತಂದದ್ದು ಹೌದು, ತಾನಿಲ್ಲದ ಹೊತ್ತಿನಲ್ಲಿ ಸುಹಾಸ ಬಂದು, ರಿಪೇರಿಗೆ ತಂದಿಟ್ಟಿದ್ದ ಇಂದುಬಾಯಿಯ ಗ್ರಾಮಫೋನಿನ ಜೊತೆ ಅದನ್ನೂ ಒಯ್ದುಬಿಟ್ಟ, ಅವನು ಅದನ್ನು ಗೋವೆಯಲ್ಲಿ ಯಾರಿಗೋ ಕೊಟ್ಟಿದ್ದಾನಂತೆ, ತಾನು ವಿಚಾರಿಸುತ್ತಲೇ ಇದ್ದೇನೆ, ಸಿಕ್ಕ ಮೇಲೆ ಹೇಳೋಣವೆಂದು ಸುಮ್ಮನಿದ್ದೆ ಎಂದ. ಒಂದೊಂದು ಮಾತೂ ಅದರಷ್ಟಕ್ಕೆ ಅದು ಬಂತು.

ಕಮಲಾಕರ ಮಂಗೇಶನ ಭುಜದ ಮೇಲೆ ಕೈ ಇಟ್ಟು, "ಇರ್ಲಿ ಮಾರಾಯ. ಇದೆ ಅಂತಾದ್ರೂ ಗೊತ್ತಾಯ್ತಲ್ಲ. ಇಷ್ಟು ದಿವ್ಸ ಅದೂ ಗೊತ್ತಿರ್ಲಿಲ್ಲ. ಹುಡ್ಕಿದ್ರೆ ಸಿಕ್ತದೆ" ಎಂದ.

ಆಮೇಲೆ ಶುರುವಾಯಿತು ಹುಡುಕಾಟ. ನಿವೃತ್ತನಾಗಿದ್ದ ಅವನಿಗೆ ಸಮಯಕ್ಕೆ ಕೊರತೆಯಿಲ್ಲ. ತಿಂಗಳಿಗೆ ಎರಡು ಮೂರು ಸಲ ಬಸ್ಸು ಹತ್ತಿ ಗೋವೆಯ ಕಾಣಕೋಣ, ಮಡಗಾಂವ, ಮಾಪಸೆಯ ಸಂತೆ, ಎಲ್ಲೆಲ್ಲಿ ಹಳೇ ಸಾಮಾನು ಇಟ್ಟಿದ್ದಾರೆಂದು ಕೇಳಿದನೋ ಅಲ್ಲೆಲ್ಲ ಹೋದ. ಸುಹಾಸನನ್ನೂ ಹಿಡಿದ. ದಿನಕ್ಕೆ ನೂರು ಪ್ಲೇಟು ಕೈದಾಟಿಸುವ ಸುಹಾಸನಿಗೆ ನೆನಪಿಲ್ಲ. ಒಯ್ದಿದ್ದರೂ ಒಯ್ದಿರಬಹುದು ಎಂದ. ಮಂಗೇಶನ ಸುಳ್ಳಿಗೆ ಅದು ಸಾಕ್ಷಿಯಂತೆ ಒದಗಿತು. ಆದಿತ್ಯವಾರ ಬಂದಾಗ ಕಮಲಾಕರ ನೋಡಿದ್ದನ್ನೆಲ್ಲ ಹೇಳುತ್ತಿದ್ದ. ಒಂದು ಕಡೆ ಪ್ಲೇಟುಗಳನ್ನು ಬಿಸಿ ಮಾಡಿ ಬಗ್ಗಿಸಿ ಹೂವಿನ ಬುಟ್ಟಿ ಮಾಡುತ್ತಾರಂತೆ. ಇನ್ನೊಂದು ಕಡೆ ಮುಳ್ಳು ಜೋಡಿಸಿ ಗೋಡೆ ಗಡಿಯಾರ ಮಾಡಿದ್ದಾರಂತೆ. ಅದನ್ನು ಹೇಳುವಾಗ ಅವನ ದನಿ ಸಣ್ಣದಾಗುತ್ತಿತ್ತು. ಹೀರಾ ಒಳಗಿನಿಂದ ಕೇಳಿಸಿಕೊಂಡು ಪಾತ್ರೆಯ ಸದ್ದು ಜೋರು ಮಾಡುತ್ತಿದ್ದಳು. ಗಂಡನೊಡನೆ ಅವಳು ಈ ವಿಷಯ ಮಾತಾಡುವುದನ್ನೇ ಬಿಟ್ಟಿದ್ದಳು.

ಮೂರು ವರ್ಷ ಕಳೆಯಿತು. ಕಮಲಾಕರನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಪಾದ ಊದಿಕೊಳ್ಳುತ್ತಿತ್ತು. ಇನ್ನು ಒಬ್ಬನನ್ನೇ ಕಳಿಸುವುದಿಲ್ಲ ಎಂದು ಕವನಾ ಹಟ ಹಿಡಿದಳು. ಹಾಗಾಗಿ ಎರಡು ಸಾವಿರದ ಆರರ ಫೆಬ್ರವರಿಯಲ್ಲಿ ಮಂಗೇಶ ಜೊತೆಗೆ ಹೋಗಬೇಕಾಯಿತು. ಕಾಣಕೋಣದ ಹತ್ತಿರ ಸಮುದ್ರದ ದಂಡೆಯಲ್ಲಿ ಒಂದು ಹೋಟೆಲು. ಒಳಗಿನ ಗೋಡೆಯ ತುಂಬ, ನೆಲದಿಂದ ಮಾಡಿನ ತನಕ ಪ್ಲೇಟುಗಳು. ಪ್ರತಿಯೊಂದರ ನಡುವಿನ ತೂತಿಗೆ ಒಂದೊಂದು ಮೊಳೆ.

ಕಮಲಾಕರ ಮಾಲೀಕನನ್ನು ಕೇಳಿ ಒಂದು ಕುರ್ಚಿ ತಂದ. ಊದಿದ ಕಾಲನ್ನು ಕಷ್ಟದಿಂದ ಎತ್ತಿ ಹತ್ತಿದ. ಮಂಗೇಶ ಕೆಳಗೆ ಕುರ್ಚಿ ಹಿಡಿದುಕೊಂಡು ನಿಂತ. ಎಣ್ಣೆ ಹೊಗೆ ಹತ್ತಿ ಮಸುಕಾದ ಚೀಟಿಗಳನ್ನು ಕಮಲಾಕರ ಲುಂಗಿಯ ತುದಿಯಲ್ಲಿ ಒರೆಸಿ ಒಂದೊಂದೇ ಓದಿದ. ಗುರುತಿನ ಹೆಸರು ಸಿಕ್ಕರೆ, "ಅಯ್ಯ, ಇವ್ಳೂ ಇಲ್ಲಿದಾಳೆ" ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದ. ಊಟಕ್ಕೆ ಕೂತ ಇಬ್ಬರು ಪರದೇಶಿಗಳು ನಗುತ್ತ ಅವನ ಫೋಟೋ ತೆಗೆದರು. ಅವನಿಗೆ ಅದರ ಪರಿವೆಯಿಲ್ಲ. ಕುರ್ಚಿ ಸರಿಸುವುದು, ಹತ್ತುವುದು, ಇಳಿಯುವುದು. ಹೀಗೆ ಒಂದು ತಾಸು.

ಮೇಲಿನ ಸಾಲಿನ ಒಂದು ಪ್ಲೇಟಿನ ಹತ್ತಿರ ಅವನ ಕೈ ನಿಂತಿತು. ಚೀಟಿ ಅರ್ಧ ಹರಿದಿತ್ತು. "ಮಂಗೇಶಾ, 'ಮಿಸ್ ಶೇ' ಅಂತ ಇದೆ ನೋಡು" ಎಂದ. ಮಾಲೀಕನನ್ನು ಬೇಡಿಕೊಂಡು ಮೊಳೆ ಕೀಳಿಸಿದರು. ಪ್ಲೇಟನ್ನು ಬೆಳಕಿಗೆ ತಂದು ಜಿಡ್ಡು ಒರೆಸಿದಾಗ ಕೆಳಗಿನ ಸಾಲಿನಲ್ಲಿ ಊರಿನ ಹೆಸರು ಕಂಡಿತು. ಅದು ಅಂಕೋಲಾ ಆಗಿರಲಿಲ್ಲ. ಬೇರೆ ಊರಿನ ಯಾವಳೋ, ಶೇಷಾಬಾಯಿಯೋ ಇನ್ನಾರೋ.

ಕಮಲಾಕರ ಪ್ಲೇಟನ್ನು ಜೋಪಾನವಾಗಿ ಮಾಲೀಕನಿಗೆ ಹಿಂದೆ ಕೊಟ್ಟ. ಇನ್ನೊಂದು ಗೋಡೆ ಬಾಕಿ ಇದೆಯಲ್ಲ ಎಂದು ಕುರ್ಚಿ ಎತ್ತಿಕೊಂಡ.

ಮಂಗೇಶನಿಗೆ ಇನ್ನು ತಡೆಯಲಾಗಲಿಲ್ಲ. ಅವನ ಕೈ ಹಿಡಿದು ಹೊರಗೆ ದಂಡೆಗೆ ಕರೆದುಕೊಂಡು ಹೋದ. ಮಗುಚಿ ಹಾಕಿದ ಒಂದು ದೋಣಿಯ ನೆರಳಿನಲ್ಲಿ ಕೂರಿಸಿದ. ನಿಂತುಕೊಂಡೇ ಹೇಳಿದ. "ಕಮಲಾಕರಾ, ಅದು ಇಲ್ಲಿಲ್ಲ. ಎಲ್ಲೂ ಇಲ್ಲ. ನನ್ನ ಅಂಗಡೀಲೇ ಇದೆ. ನಾನೇ ಒಡ್ದೆ." ಉಳಿದದ್ದೆಲ್ಲವನ್ನೂ ಹೇಳಿದ. ಬಿರುಕು, ಎಣ್ಣೆಯ ಬೆರಳು, ಸುಹಾಸನ ಸುಳ್ಳು, ಒಂದನ್ನೂ ಬಿಡಲಿಲ್ಲ.

ಕಮಲಾಕರ ಬೈಯಬಹುದೆಂದು ಅವನು ಕಾದ. ಹೊಡೆದರೂ ಆಗಬಹುದಿತ್ತು. ಕಮಲಾಕರ ಮರಳಿನ ಮೇಲೆ ತನ್ನ ಊದಿದ ಪಾದಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ. ಕೊನೆಗೆ ತಲೆ ಎತ್ತಿ ಕೇಳಿದ್ದು ಇಷ್ಟೇ: "ನೀ ಕೇಳಿದ್ಯಾ?"

"ಒಂದು ನಿಮಿಷ ಕೇಳ್ದೆ."

"ಹ್ಯಾಂಗಿತ್ತು?"

ಮಂಗೇಶ ಬಾಯಿ ತೆರೆದ. ಪದ ಯಾವುದು, ಗೊತ್ತಿಲ್ಲ. ರಾಗ ಗೊತ್ತಿಲ್ಲ. ದನಿ ದಪ್ಪವೋ ತೆಳುವೋ, ಅದನ್ನು ಹೇಳುವ ಮಾತೇ ಅವನ ಹತ್ತಿರ ಇರಲಿಲ್ಲ. ಆ ಒಂದು ನಿಮಿಷವೂ ಅವನು ಬಿರುಕಿನ ಟಿಕ್ ಎಣಿಸುತ್ತ ಕೂತಿದ್ದ. ಜಗತ್ತಿನಲ್ಲಿ ಆ ದನಿ ಕೇಳಿದವರಲ್ಲಿ ಪ್ರಾಯಶಃ ಈಗ ಬದುಕಿದ್ದವನು ಅವನೊಬ್ಬನೇ. ಅವನಿಗೆ ಅದನ್ನು ದಾಟಿಸಲು ಬರಲಿಲ್ಲ. "ಹೇಳಲಿಕ್ಕೆ ಬರೂದಿಲ್ಲ ನಂಗೆ" ಎಂದ. ಅದನ್ನು ಹೇಳುವಾಗ ಅವನು ಅಳುತ್ತಿದ್ದ. ಕಮಲಾಕರ ಅಳಲಿಲ್ಲ.

ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು. ಕಾರವಾರದಲ್ಲಿ ಇಳಿದು ಕಮಲಾಕರ ಅಂಗಡಿಯ ತನಕ ನಡೆದ. ಮಂಗೇಶ ಒಳಗಿನ ಕಪಾಟಿನಿಂದ ಹೋಳುಗಳನ್ನೂ, ಬೆಂಕಿಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದ ಚೂರುಗಳನ್ನೂ ತಂದುಕೊಟ್ಟ. ಕಮಲಾಕರ ಅವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಹೀರಾ ಚಹಾ ಮಾಡಿದ್ದಳು. ಬಸ್ಸಿಗೆ ಹೊತ್ತಾಯ್ತು ವಹಿನಿ ಎಂದು ಹೇಳಿ ಹೋದ.

ಮುಂದಿನ ಆದಿತ್ಯವಾರ ಅವನು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಮಂಗೇಶ ಮೂರು ಸಲ ಶೆಟಗೇರಿಗೆ ಹೋದ. ಮೂರು ಸಲವೂ ಕವನಾ ಬಾಗಿಲಿಗೆ ಬಂದು, ಕಾಕಾ, ಅಪ್ಪ ಮಲಗಿದ್ದಾನೆ ಎಂದು ಹೇಳಿ ತಲೆ ತಗ್ಗಿಸಿದಳು. ಒಂದು ಸಲ ಒಳಗಿನಿಂದ ಕೆಮ್ಮು ಕೇಳಿತು. ಅವನು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹಿಂದೆ ಬಂದ.

ಇತ್ತ ಅಂಗಡಿಯಲ್ಲಿ ಕೆಲಸ ಹೆಚ್ಚುತ್ತಲೇ ಇತ್ತು. ಬೆಂಗಳೂರಿನ ಪತ್ರಿಕೆಯೊಂದರವರು ಬಂದು ಹಳೇ ಕಾಲದ ಹಾಡಿಗೆ ಜೀವ ಕೊಡುವ ಮನುಷ್ಯ ಎಂದು ಬರೆದು, ಹಿತ್ತಾಳೆಯ ಕಹಳೆಯ ಪಕ್ಕದಲ್ಲಿ ಅವನನ್ನು ಕೂರಿಸಿ ಫೋಟೋ ಹಾಕಿದರು. ಗೋವೆಯ ಗಿರಾಕಿಗಳು ಅದನ್ನು ಕತ್ತರಿಸಿ ತಂದು ತೋರಿಸುತ್ತಿದ್ದರು. ಹೀರಾ ಆ ಪತ್ರಿಕೆಯನ್ನು ಅಕ್ಕಿಡಬ್ಬಿಯ ಕೆಳಗೆ ಹಾಕಿದಳು. ಅವನು ಯಾಕೆಂದು ಕೇಳಲಿಲ್ಲ.

ಎರಡು ಸಾವಿರದ ಏಳರ ದೀಪಾವಳಿ ಕಳೆದ ಮೇಲೆ ಕವನಾಳ ಫೋನು ಬಂತು. ಕಮಲಾಕರನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಗಾಯ ಮಾಯುತ್ತಿರಲಿಲ್ಲ. ಅಪ್ಪ ನಿಮ್ಮನ್ನು ಕರೆಯುತ್ತಿದ್ದಾನೆ ಎಂದಳು. ಮಂಗೇಶ ಚಪ್ಪಲಿ ಮೆಟ್ಟಿ ಹೊರಟ.

ಕಮಲಾಕರ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಅರ್ಧ ಆಗಿದ್ದ. ಎದುರಿಗೆ ಬಿಳಿ ಪಂಚೆಯ ಮೇಲೆ ಮೂರು ಹೋಳುಗಳನ್ನು ಗೆರೆಗೆ ಗೆರೆ ಹೊಂದಿಸಿ ಇಟ್ಟಿದ್ದ. ದೂರದಿಂದ ನೋಡಿದರೆ ಇಡೀ ಪ್ಲೇಟೇ. ಮಂಗೇಶ ಕೂತವನೇ ಅಭ್ಯಾಸಬಲದಿಂದ ಅದರ ಮೇಲೆ ಬಗ್ಗಿದ. ಅಂಟಿಸಿಕೊಡುತ್ತೇನೆ, ಆದರೆ ಅಂಚುಗಳು ಉದುರಿಹೋಗಿವೆ, ಒಂದು ಸುತ್ತಿನಲ್ಲಿ ಮುಳ್ಳು ಮೂರು ಸಲ ಹಾರುತ್ತದೆ, ಹಾಡು ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ.

"ಗೊತ್ತುಂಟು. ಅದಕ್ಕೆ ಕರೀಲಿಲ್ಲ" ಎಂದ ಕಮಲಾಕರ. "ನೀ ಕೇಳಿದ್ದು ಹೇಳು. ಆವತ್ತು ಹೇಳ್ಲಿಲ್ಲ. ಹಾಡು ಬೇಡ. ನಿಂಗೆ ಏನು ಕೇಳ್ತೋ ಅದನ್ನೇ ಹೇಳು."

ಮಂಗೇಶ ಕಣ್ಣು ಮುಚ್ಚಿದ. ವೇಗ ಸ್ವಲ್ಪ ಹೆಚ್ಚಿತ್ತು ಎಂದ. ಹಾರ್ಮೋನಿಯಂನ ಒಂದು ಮನೆ ಗಾಳಿ ಸೋರುತ್ತಿತ್ತು, ಅದನ್ನು ಒತ್ತಿದಾಗಲೆಲ್ಲ ಸುಯ್ ಎನ್ನುತ್ತಿತ್ತು ಎಂದ. ಅಲ್ಲಿಗೆ ನಿಲ್ಲಿಸಿದ. ಕಮಲಾಕರ ಕಾಯುತ್ತಿದ್ದ. ಆಗ ಮಂಗೇಶನ ಬಾಯಿಂದ ಇನ್ನೊಂದು ಮಾತು ಬಂತು. "ಸಾಲು ಶುರು ಮಾಡೂಕೆ ಮೊದ್ಲು ಆಕೆ ಒಂದು ಉಸ್ರು ತಕ್ಕೊಳ್ತಿದ್ಲು. ಮೂಗಿನಿಂದ, ಎರಡು ತುಂಡು ಮಾಡಿ. ನೀ ಮಾತಾಡೂಕೆ ಮೊದ್ಲು ತಕ್ಕೊಳ್ತ್ಯಲ್ಲ, ಹಾಂಗೇ."

ಕಮಲಾಕರ ಮೆಲ್ಲಗೆ ಉಸಿರೆಳೆದುಕೊಂಡ. ಅದು ಮೂಗಿನಲ್ಲಿ ಒಂದು ಕಡೆ ಸಣ್ಣಗೆ ತಡೆದು ಮತ್ತೆ ಮುಂದುವರಿಯಿತು. ಅರವತ್ತನಾಲ್ಕು ವರ್ಷ ಎಳೆದುಕೊಂಡ ಉಸಿರನ್ನು ಅವತ್ತೇ ಮೊದಲ ಸಲ ಕೇಳುವವನ ಹಾಗೆ ಅವನು ಕಿವಿಗೊಟ್ಟ. ಇನ್ನೊಮ್ಮೆ ಎಳೆದ. "ಹಿಂಗಾ?" ಎಂದು ಕೇಳಿದ. ಹೂಂ ಎಂದ ಮಂಗೇಶ. ಬಾಗಿಲಲ್ಲಿ ನಿಂತಿದ್ದ ಕವನಾ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಸಂಜೆ ಹೊರಡುವಾಗ ಕಮಲಾಕರ ಗೆಳೆಯನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಮತ್ತೆ ಬಾ ಎಂದೂ ಹೇಳಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಮಂಗೇಶನ ಎದೆಯಲ್ಲಿ ಒಂದು ಸಂಶಯ ಹೊಕ್ಕಿತು. ಆ ಉಸಿರನ್ನು ತಾನು ನಿಜವಾಗಿ ಕೇಳಿದ್ದೆನೇ? ಐದು ವರ್ಷದ ಹಿಂದಿನ ಆ ಒಂದು ನಿಮಿಷವನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡ. ಟಿಕ್ ಕೇಳುತ್ತಿತ್ತು, ಹಾರ್ಮೋನಿಯಂ ಕೇಳುತ್ತಿತ್ತು. ಉಸಿರು ಒಮ್ಮೆ ಇತ್ತೆನಿಸಿದರೆ ಇನ್ನೊಮ್ಮೆ ಇಲ್ಲವೆನಿಸುತ್ತಿತ್ತು. ಎದುರಿಗೆ ಕಾಲಿಲ್ಲದೆ ಕೂತ ಗೆಳೆಯ, ಪಂಚೆಯ ಮೇಲಿನ ಹೋಳುಗಳು, ಬೆಳಕಿನಲ್ಲಿ ಅಷ್ಟು ಹತ್ತಿರ ಕೇಳುತ್ತಿದ್ದ ಅವನದೇ ಉಸಿರು. ಅದನ್ನೇ ಎತ್ತಿ ತಾಯಿಗೆ ಕೊಟ್ಟುಬಿಟ್ಟೆನೋ? ಮೊದಲ ಸುಳ್ಳನ್ನು ಹೇಳುವಾಗ ಅದು ಸುಳ್ಳೆಂದು ಗೊತ್ತಿತ್ತು. ಇದು ಸುಳ್ಳೋ ನಿಜವೋ ಅವನಿಗೇ ಗೊತ್ತಿರಲಿಲ್ಲ. ಕೇಳಿ ನೋಡೋಣವೆಂದರೆ ಪ್ಲೇಟು ಇರಲಿಲ್ಲ.

ಎರಡು ಸಾವಿರದ ಎಂಟರ ಜುಲೈಯಲ್ಲಿ ಕಮಲಾಕರ ಹೋದ. ಹದಿಮೂರನೆಯ ದಿನ ಮಂಗೇಶ, ಹೀರಾ ಇಬ್ಬರೂ ಹೋಗಿದ್ದರು. ಬಂದವರೆಲ್ಲ ಊಟ ಮಾಡಿ ಹೊರಟ ಮೇಲೆ ಕವನಾ ಅವನನ್ನು ಒಳಗೆ ಕರೆದಳು. ಗೋಡೆಗೆ ಸಾಲಾಗಿ ಮುನ್ನೂರು ಪ್ಲೇಟುಗಳಿದ್ದವು. ಸುಹಾಸ ಎರಡು ಸಲ ಬಂದು ಹೋದನಂತೆ, ಏನು ಮಾಡಲಿ ಎಂದು ಕೇಳಿದಳು. ಗೋಡೆಗೆ ಮೊಳೆ ಹೊಡೆಯುವವರಿಗೆ ಕೊಡಬೇಡ, ಕೇಳುವವರು ಸಿಕ್ಕರೆ ಕೊಡು, ಅಲ್ಲಿಯ ತನಕ ಧೂಳು ಒರೆಸಲು ನಾನು ಬರುತ್ತೇನೆ ಎಂದ ಮಂಗೇಶ. ಅವಳು ತಲೆಯಾಡಿಸಿದಳು. ಆಮೇಲೆ ಸೆರಗಿನ ತುದಿ ಹಿಡಿದುಕೊಂಡು, ಅವನ ಮುಖ ನೋಡದೆ ಕೇಳಿದಳು.

"ಕಾಕಾ, ಅಜ್ಜಿ ಉಸ್ರು ಖರೇನೇ ಅಪ್ಪನ ಹಾಂಗೇ ಇತ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಹೀರಾ ಬಾಗಿಲ ಹತ್ತಿರ ನಿಂತು ಅವನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಮಗಾ" ಎಂದ ಮಂಗೇಶ. "ಹೇಳುವಾಗ ಹೌದು ಅಂತ್ಲೇ ಹೇಳ್ದೆ. ಈಗ ಗೊತ್ತಿಲ್ಲ."

ಕವನಾಳ ಮುಖ ಬಿಳಿಚಿಕೊಂಡಿತು. ಕೊಟ್ಟದ್ದನ್ನೇ ಮತ್ತೆ ಕಸಿದುಕೊಂಡವನನ್ನು ನೋಡುವ ಹಾಗೆ ಅವನನ್ನು ನೋಡಿದಳು. "ಅಪ್ಪಂಗೆ ಹಾಂಗೆ ಹೇಳ್ಲಿಲ್ವಲ್ಲ, ಅಷ್ಟು ಸಾಕು" ಎಂದಳು. ಆಮೇಲೆ ಮಳೆ ಜೋರಾಗುವುದರೊಳಗೆ ಹೊರಡಿರಿ ಎಂದು ಇಬ್ಬರಿಗೂ ಒಂದು ಕೊಡೆ ಕೊಟ್ಟಳು.

ಗದ್ದೆಯಂಚಿನ ದಾರಿಯಲ್ಲಿ ಇಬ್ಬರೂ ಒಂದೇ ಕೊಡೆಯಡಿ ನಡೆದರು. ಕೆಸರು ಹೆಚ್ಚಿದ್ದ ಕಡೆ ಹೀರಾ ಗಂಡನ ಮೊಣಕೈ ಹಿಡಿದುಕೊಂಡಳು. ರಸ್ತೆ ಸಿಕ್ಕಿದ ಮೇಲೂ ಬಿಡಲಿಲ್ಲ. ಬಸ್ಸು ಬರಲು ಇನ್ನೂ ಹೊತ್ತಿತ್ತು.